ಅಟ್ಟದ ಮೇಲೆ ಸಿಕ್ಕ ಗಾಂಜಾ ನಿಮ್ಮ ಹುಡುಗನದೇ ಅಂದರೆ

ನಾನು ವಕೀಲ ಅಲ್ಲ. ಶಿವಮೊಗ್ಗದಲ್ಲಿ ಒಬ್ಬ ಕ್ರಿಮಿನಲ್ ವಕೀಲರ ಆಫೀಸಿನಲ್ಲಿ 19 ವರ್ಷದಿಂದ ಗುಮಾಸ್ತ. ವಕಾಲತ್ತಿಗೆ ಸ್ಟಾಂಪ್ ಹಚ್ಚುವುದು, ಡೈರಿಯಲ್ಲಿ ತಾರೀಖು ಬರೆಯುವುದು, ನಕಲು ವಿಭಾಗದ ಮುಂದೆ ಕಾಯುವುದು, ಅಳುತ್ತಾ ಬಂದವರಿಗೆ ಮೊದಲು ನೀರು ಕೊಡುವುದು ನನ್ನ ಕೆಲಸ. ವಾದ ಮಾಡುವುದು ಸಾಹೇಬರು. ಆದರೆ ವಾದಕ್ಕೆ ಬೇಕಾದ ಕಾಗದಗಳು ನನ್ನ ಟೇಬಲ್ ದಾಟಿಯೇ ಹೋಗಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜೇಬಿನಲ್ಲಿ ಮಾಲು ಸಿಕ್ಕರೆ ಅದು ಬೇರೆ ಕತೆ. ಇಲ್ಲಿ ಹೇಳುವುದು ಕೈಯಲ್ಲಿ ಏನೂ ಸಿಗದೆ, ಸುತ್ತಲಿನ ಸಂಗತಿ ನೋಡಿ ಹಿಡಿದುಕೊಂಡು ಹೋದವರ ಬಗ್ಗೆ. ರೂಮು ಇವನ ಹೆಸರಲ್ಲಿದೆ, ಬೈಕು ಇವನದು, ಜಮೀನು ಇವನ ಅಪ್ಪನದು, ಜೊತೆಯಲ್ಲಿದ್ದವನು ಇವನ ಹೆಸರು ಹೇಳಿದ. ಸಾಂದರ್ಭಿಕ ಸಾಕ್ಷ್ಯ ಅಂದರೆ ಇದೇ. ಎರಡು ಪ್ರಶ್ನೆ ನೆನಪಿಟ್ಟುಕೊಳ್ಳಿ: ಅದು ಅಲ್ಲಿದೆ ಅಂತ ಅವನಿಗೆ ಗೊತ್ತಿತ್ತಾ? ಅದು ಅವನ ಹಿಡಿತದಲ್ಲಿತ್ತಾ? ಹಿಡಿತವನ್ನು ಮೊದಲು ಪೊಲೀಸರು ತೋರಿಸಬೇಕು; ಅದಾದ ಮೇಲೆ ಗೊತ್ತಿರಲಿಲ್ಲ ಅಂತ ತೋರಿಸುವ ಹೊಣೆ ಆರೋಪಿಯದು. ಒಂದು ಬಿದ್ದರೂ ‘ಸ್ವಾಧೀನ’ ಅನ್ನುವ ಮಾತು ನಿಲ್ಲುವುದಿಲ್ಲ.

ಒಂದು ಕೇಸು ಹೇಳುತ್ತೇನೆ. ಹೆಸರು ಬೇಡ.

2021ರ ಡಿಸೆಂಬರ್. ಹೊಸನಗರ ಕಡೆಯ ಒಬ್ಬ ತಾಯಿ, ಜೊತೆಗೆ ಹುಡುಗನ ಸೋದರಮಾವ, ಮಂಗಳವಾರ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು. ಹುಡುಗ ಡಿಪ್ಲೊಮಾ ಓದುತ್ತಿದ್ದ. ಇನ್ನಿಬ್ಬರ ಜೊತೆ ಶಿವಮೊಗ್ಗದಲ್ಲಿ ಬಾಡಿಗೆ ರೂಮು, ಕರಾರು ಇವನ ಹೆಸರಲ್ಲಿ. ಅಡಿಕೆ ಕೊನೆ ಕೊಯ್ಲು ಅಂತ ಶುಕ್ರವಾರ ಸಂಜೆ ಊರಿಗೆ ಹೋಗಿದ್ದ. ಶನಿವಾರ ರಾತ್ರಿ ರೂಮಿನ ಮೇಲೆ ದಾಳಿ. ಅಟ್ಟದ ಮೇಲೆ ಕಪ್ಪು ಪ್ಲಾಸ್ಟಿಕ್ ಕವರು, ಪಕ್ಕದಲ್ಲೇ ಇವನ ಹಳೇ ಕಾಲೇಜು ಬ್ಯಾಗು. ಕವರಿನಲ್ಲಿ ಗಾಂಜಾ, ಮಹಜರಿನ (ಸ್ಥಳದಲ್ಲಿ ಬರೆದ ಜಪ್ತಿ ದಾಖಲೆ) ಪ್ರಕಾರ 1 ಕೆಜಿ 140 ಗ್ರಾಂ. ರೂಮಿನಲ್ಲಿದ್ದ ಇಬ್ಬರನ್ನು ಹಿಡಿದರು. ಸೋಮವಾರ ಇವನಿಗೆ ಫೋನು: ‘ಬಂದು ಒಂದು ಸಹಿ ಹಾಕಿ ಹೋಗಪ್ಪ.’ ಹೋದ. ವಾಪಸ್ ಬರಲಿಲ್ಲ.

‘ನಮ್ಮ ಮಾಣಿ ಬೀಡಿ ಸಹ ಸೇದಲ್ಲ ಮಾರಾಯ್ರೆ’ ಅಂತ ಮಾವ ನಾಲ್ಕು ಸಲ ಹೇಳಿದರು. ಅದು ಕೋರ್ಟಿಗೆ ಬೇಡವಾದ ಮಾತು. ನಾನು ಅವರ ಮುಂದೆ ಒಂದು ಬಿಳಿ ಹಾಳೆ ಇಟ್ಟು, ಶುಕ್ರವಾರ ಬೆಳಿಗ್ಗೆಯಿಂದ ಸೋಮವಾರ ರಾತ್ರಿವರೆಗೆ ಗಂಟೆ ಗಂಟೆಗೂ ಅವನು ಎಲ್ಲಿದ್ದ, ಯಾರು ನೋಡಿದರು ಬರೀರಿ ಅಂದೆ.

ನಿಮಗೂ ಮೊದಲ ಕೆಲಸ ಅದೇ. ಮನೆಯಲ್ಲಿ ಯಾರನ್ನಾದರೂ ಹೀಗೆ ಕರೆದುಕೊಂಡು ಹೋದರೆ, ಆ ದಿನವೇ ಕೂತು ಬರೆಯಿರಿ. ಫೋನು ಎಷ್ಟು ಗಂಟೆಗೆ ಬಂತು, ಸ್ಟೇಷನ್ನಿಗೆ ಎಷ್ಟಕ್ಕೆ ಹೋದ, ಜೊತೆಗೆ ಯಾರಿದ್ದರು. ದಸ್ತಗಿರಿ ಆದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಮ್ಮ ಹುಡುಗ ಸ್ಟೇಷನ್ನಿಗೆ ಹೋದದ್ದು ಬೆಳಿಗ್ಗೆ 10ಕ್ಕೆ. ಕಾಗದದಲ್ಲಿ ದಸ್ತಗಿರಿ ಸಂಜೆ 6ಕ್ಕೆ. ಈ ಎಂಟು ಗಂಟೆ ಎಲ್ಲಿ ಹೋಯಿತು ಅಂತ ಕೇಳಲು ಅವನ ಫೋನಿಗೆ ಬಂದ ಕರೆಯ ವಿವರ ಬೇಕಾಯಿತು.

ದಸ್ತಗಿರಿಯ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಯಾವ ಅಪರಾಧವೇ ಆಗಲಿ, ಕಾರಣವನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು, ತಕ್ಷಣ ಆಗದಿದ್ದರೆ ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಹೇಳಿದೆ. ‘ಎನ್‌ಡಿಪಿಎಸ್ ಕೇಸು’ (ಅಂದರೆ ಮಾದಕ ವಸ್ತು ಕಾಯ್ದೆಯ ಕೇಸು; ಮುಂದೆ ಹೇಳುವ ಸೆಕ್ಷನ್ನುಗಳು ಬಹುತೇಕ ಈ ಕಾಯ್ದೆಯವೇ) ಅಂತ ಒಂದು ಸಾಲು ಬರೆದರೆ ಅದು ಕಾರಣ ಅಲ್ಲ. ಇವನೇ ಯಾಕೆ ಅನ್ನುವುದು ಅದರಲ್ಲಿ ಇರಬೇಕು.

ಹುಡುಗನಿಗೆ ಹೇಳಬೇಕಾದ್ದು ಇಷ್ಟೇ. ಹೆಸರು, ವಿಳಾಸ ಸರಿಯಾಗಿ ಹೇಳಲಿ. ಉಳಿದದ್ದಕ್ಕೆ ‘ವಕೀಲರ ಹತ್ತಿರ ಮಾತಾಡಿ ಹೇಳ್ತೀನಿ’ ಅನ್ನಲಿ. ಖಾಲಿ ಹಾಳೆಗೆ, ಓದದ ಹಾಳೆಗೆ ಸಹಿ ಬೇಡ. ಫೋನಿನಲ್ಲಿ ಏನನ್ನೂ ಅಳಿಸಬೇಡಿ. ಒಂದು ಮೆಸೇಜ್ ಅಳಿಸಿದರೂ ‘ಗೊತ್ತಿದ್ದಕ್ಕೇ ಅಳಿಸಿದ’ ಅನ್ನುತ್ತಾರೆ. ಗೊತ್ತಿತ್ತಾ ಅನ್ನುವ ಪ್ರಶ್ನೆಗೆ ನೀವೇ ಉತ್ತರ ಬರೆದುಕೊಟ್ಟ ಹಾಗೆ ಆಗುತ್ತದೆ.

ಹಾಂ, ಇನ್ನೊಂದು. ಆ ತಾಯಿಯ ಸೆರಗಿನ ಗಂಟಿನಲ್ಲಿ ಎರಡೆಳೆ ಸರ ಇತ್ತು. ಯಾರೋ ‘ನಾನು ಸೆಟ್ಲ್ ಮಾಡಿಸ್ತೀನಿ’ ಅಂದಿದ್ದನಂತೆ. ಇಂಥ ದಲ್ಲಾಳಿಗಳು ಎಲ್ಲ ಕೋರ್ಟಿನ ಕ್ಯಾಂಟೀನಿನಲ್ಲೂ ಇರುತ್ತಾರೆ. ಸರ ಹೋಗುತ್ತದೆ, ಕೇಸು ಉಳಿಯುತ್ತದೆ. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಕಸ್ಟಡಿಯಲ್ಲಿ ಇರುವವನಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ತೂಕ ಮೊದಲು ನೋಡಿ

ಗಾಂಜಾಕ್ಕೆ 1 ಕೆಜಿ ತನಕ ‘ಸಣ್ಣ ಪ್ರಮಾಣ’. 20 ಕೆಜಿ ದಾಟಿದರೆ ‘ವಾಣಿಜ್ಯ ಪ್ರಮಾಣ’. ಸಣ್ಣದಕ್ಕೆ ಹೆಚ್ಚೆಂದರೆ 1 ವರ್ಷ ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ನಡುವಿನದಕ್ಕೆ 10 ವರ್ಷದ ತನಕ, ದಂಡ 1 ಲಕ್ಷದ ತನಕ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠವೇ 10 ವರ್ಷ. ಎಂಡಿಎಂಎಗೆ (ರಾಸಾಯನಿಕವಾಗಿ ತಯಾರಿಸುವ ಮಾದಕ ವಸ್ತು) ಲೆಕ್ಕ ಗ್ರಾಮಿನಲ್ಲಿ: ಅರ್ಧ ಗ್ರಾಂ ಸಣ್ಣದು, 10 ಗ್ರಾಂ ದಾಟಿದರೆ ವಾಣಿಜ್ಯ. ಜಾಮೀನಿಗೂ ಈ ಗೆರೆಯೇ ಮುಖ್ಯ. 37ನೇ ಸೆಕ್ಷನ್ನಿನ ಆ ಭಯಂಕರ ಷರತ್ತು, ಅಂದರೆ ಆರೋಪಿ ತಪ್ಪಿತಸ್ಥ ಅಲ್ಲ ಅಂತ ಜಾಮೀನಿನ ಹಂತದಲ್ಲೇ ಕೋರ್ಟಿಗೆ ಅನಿಸಬೇಕು ಎನ್ನುವುದು, ಮುಖ್ಯವಾಗಿ ವಾಣಿಜ್ಯ ಪ್ರಮಾಣಕ್ಕೆ.

ನಮ್ಮದು 1 ಕೆಜಿ 140 ಗ್ರಾಂ. ಗೆರೆಯಿಂದ 140 ಗ್ರಾಂ ಆಚೆ. ಮಹಜರನ್ನು ಸಾಹೇಬರು ಎರಡು ಸಲ ಓದಿದರು. ‘ಕವರ್ ಸಮೇತ’ ಅಂತಿತ್ತು. ‘ಎಲೆ, ಕಡ್ಡಿ, ಬೀಜ, ಹೂವು ಮಿಶ್ರಿತ’ ಅಂತಲೂ ಇತ್ತು. ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂಬಿಡುವ, ಕಾಯಿಬಿಡುವ ತುದಿ. ತುದಿಯ ಜೊತೆ ಇಲ್ಲದ ಎಲೆ, ಬೀಜ ಗಾಂಜಾ ಅಲ್ಲ. ಜೊತೆಗೇ ಇದ್ದರೆ ಎಲ್ಲವನ್ನೂ ಸೇರಿಸಿ ಎಂದು ಸರ್ಕಾರಿ ವಕೀಲರು ವಾದಿಸುತ್ತಾರೆ, ನಮ್ಮವರು ತುದಿಯ ತೂಕವನ್ನೇ ಬೇರೆ ಮಾಡಲಿಲ್ಲವಲ್ಲ ಅನ್ನುತ್ತಾರೆ. ಪುಡಿ, ಮಾತ್ರೆ ಕೇಸಿನಲ್ಲಿ ಈ ವಾದ ನಡೆಯುವುದಿಲ್ಲ. ಬೆರಕೆ ವಸ್ತುವಿನ ತೂಕವೂ ಲೆಕ್ಕಕ್ಕೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿಬಿಟ್ಟಿದೆ.

ತಕ್ಕಡಿ ಎಲ್ಲಿಯದು ಅಂತ ಕೇಳಲು ಮರೆಯಬೇಡಿ. ಸ್ಯಾಂಪಲ್ ಯಾವಾಗ, ಯಾರ ಮುಂದೆ ತೆಗೆದರು ಅಂತಲೂ ಕೇಳಿ. 52ಎ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ಪಟ್ಟಿ ಮಾಡಿ ಸ್ಯಾಂಪಲ್ ತೆಗೆಯಬೇಕು. ನಮ್ಮ ಕೇಸಿನಲ್ಲಿ ರೂಮಿನಲ್ಲೇ ತೆಗೆದಿದ್ದರು. ಆದರೆ ಈ ಒಂದು ತಪ್ಪಿಗೇ ಕೇಸು ಬಿದ್ದುಹೋಗುತ್ತದೆ ಅಂತ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ತಪ್ಪು ಇದೆ ಎನ್ನುವುದರ ಜೊತೆಗೆ, ಅದರಿಂದ ಮಾಲಿನ ಮೇಲೇ ಅನುಮಾನ ಬರುತ್ತದೆ ಅಂತ ತೋರಿಸಬೇಕಾಗುತ್ತದೆ.

ಇನ್ನು ಜನ ಜಾಸ್ತಿ ತಪ್ಪು ತಿಳಿದಿರುವುದು 50ನೇ ಸೆಕ್ಷನ್. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆಯೇ ತಪಾಸಣೆ ಮಾಡಿ ಎಂದು ಕೇಳುವ ಹಕ್ಕು ಮೈ ತಪಾಸಣೆಗೆ ಮಾತ್ರ. ಬ್ಯಾಗಿಗೆ, ಬೈಕಿಗೆ, ಅಟ್ಟಕ್ಕೆ ಅಲ್ಲ. ರೂಮಿನ ದಾಳಿಗೆ ನೋಡಬೇಕಾದ್ದು 42. ‘ಖಚಿತ ಮಾಹಿತಿ ಮೇರೆಗೆ’ ಅಂತ ಎಲ್ಲ ಎಫ್‌ಐಆರಿನಲ್ಲೂ ಇರುತ್ತದೆ. ಆ ಮಾಹಿತಿಯನ್ನು ಬರೆದಿಟ್ಟುಕೊಂಡರಾ? 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಿದರಾ? ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಮನೆಗೆ ನುಗ್ಗಿದ್ದಕ್ಕೆ ಕಾರಣ ಬರೆದರಾ? 2024ರ ಜುಲೈ 1ರಿಂದ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧ, ಜಪ್ತಿ ಎರಡನ್ನೂ ವಿಡಿಯೋ ಮಾಡಲೇಬೇಕು. ವಿಡಿಯೋ ಇದೆಯಾ, ಇದ್ದರೆ ಕವರು ಅಟ್ಟದಿಂದ ಇಳಿಯುವುದು ಅದರಲ್ಲಿ ಕಾಣುತ್ತದಾ?

ಒಂದೊಂದೇ ದಬ್ಬೆ ಎಳೆಯುವುದು

ಸಾಂದರ್ಭಿಕ ಸಾಕ್ಷ್ಯಕ್ಕೆ ಈಗಲೂ ಎಲ್ಲ ಕೋರ್ಟೂ ನೋಡುವುದು ಶರದ್ ಸಾರ್ದಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿದ್ದನ್ನು. ಪ್ರತಿಯೊಂದು ಸಂಗತಿಯೂ ಗಟ್ಟಿಯಾಗಿ ಸಾಬೀತಾಗಬೇಕು, ಒಂದಕ್ಕೊಂದು ಕೂಡಿಕೊಂಡಿರಬೇಕು, ಇವನನ್ನು ಬಿಟ್ಟು ಬೇರೆ ಯಾರೂ ಇರಲು ಸಾಧ್ಯವಿಲ್ಲ ಅನ್ನುವಂತಿರಬೇಕು. ನಮ್ಮ ಕಡೆ ಹಳ್ಳಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಕಿ ಕಾಲುಸಂಕ ಮಾಡುತ್ತಾರಲ್ಲ, ಹಾಗೆ. ಮಧ್ಯದ ದಬ್ಬೆ ಇಲ್ಲದಿದ್ದರೆ ಆಚೆ ದಡ ಎಷ್ಟು ಹತ್ತಿರ ಕಂಡರೂ ದಾಟಲಾಗುವುದಿಲ್ಲ.

ಆದರೆ ಸುಮ್ನೆ ಕೈಕಟ್ಟಿ ಕೂರುವಂತೆಯೂ ಇಲ್ಲ. ಈ ಕಾಯ್ದೆಯ 35 ಮತ್ತು 54ನೇ ಸೆಕ್ಷನ್ ಆರೋಪಿಯ ವಿರುದ್ಧವೇ ಊಹೆ ಮಾಡಿಕೊಳ್ಳುತ್ತವೆ. ಮಾಲು ಇವನ ಸ್ವಾಧೀನದಲ್ಲಿತ್ತು ಅಂತ ಪೊಲೀಸರು ತೋರಿಸಿದ ಮೇಲೆ, ನನಗೆ ಗೊತ್ತಿರಲಿಲ್ಲ ಅನ್ನುವುದನ್ನು ಇವನೇ ಸಾಬೀತು ಮಾಡಬೇಕು. ಹಾಗಾಗಿ ಜಗಳವನ್ನು ಸ್ವಾಧೀನದ ಹಂತದಲ್ಲೇ ಹಿಡಿಯಬೇಕು. 2008ರ ನೂರ್ ಆಗಾ ತೀರ್ಪು ಇಲ್ಲಿ ನೆರವಿಗೆ ಬರುತ್ತದೆ: ಬುನಾದಿ ಸಂಗತಿಗಳನ್ನು ಮೊದಲು ಸರ್ಕಾರದ ಕಡೆಯವರೇ ಸಾಬೀತು ಮಾಡಬೇಕು.

ನಮ್ಮ ಹುಡುಗನ ಮೇಲಿದ್ದ ದಬ್ಬೆಗಳು ನಾಲ್ಕು. ಬಾಡಿಗೆ ಕರಾರು. ಅಟ್ಟದ ಬ್ಯಾಗು. ರೂಮಿನವನಿಗೆ ಫೋನ್‌ಪೇನಲ್ಲಿ ಹಾಕಿದ 1,200 ರೂಪಾಯಿ. ಮತ್ತೆ ಅದೇ ರೂಮಿನವನ ಹೇಳಿಕೆ, ‘ಮೂವರೂ ಸೇರಿ ತಂದದ್ದು’ ಅಂತ.

ಹೇಳಿಕೆಯ ದಬ್ಬೆ ಸುಲಭ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯ ಆಗುವುದಿಲ್ಲ. ಅದರಿಂದ ಹೊಸದಾಗಿ ಏನಾದರೂ ಪತ್ತೆಯಾದರೆ ಆ ಭಾಗ ಮಾತ್ರ ನಡೆಯುತ್ತದೆ. ಇಲ್ಲಿ ಕವರು ಸಿಕ್ಕಿದ್ದು ಹೇಳಿಕೆಗೆ ಮೊದಲೇ. 67ನೇ ಸೆಕ್ಷನ್ನಿನ ಕೆಳಗೆ ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ನಡೆಯುವುದಿಲ್ಲ ಎಂದು 2020ರ ತೂಫಾನ್ ಸಿಂಗ್ ತೀರ್ಪಿನಲ್ಲಿ ಇದೆ.

1,200 ರೂಪಾಯಿಗೆ ಹಿಂದಿನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆವು. ಪ್ರತಿ ತಿಂಗಳೂ ಅದೇ ವಾರ, 1,150, 1,230, 1,180. ಅಕ್ಕಿ, ಗ್ಯಾಸು, ವೈಫೈ. ಆ ಒಂದೇ ತಿಂಗಳ ಸಾಲು ನೋಡಿದರೆ ಅನುಮಾನ ಬರುತ್ತದೆ, ಆರು ತಿಂಗಳು ಒಟ್ಟಿಗೆ ನೋಡಿದರೆ ಮೆಸ್ಸಿನ ಲೆಕ್ಕ.

ಕರಾರಿಗೆ ಉತ್ತರ: ಬೀಗದ ಕೈ ಮೂರು, ಮಲಗುವವರು ಮೂವರು. ಓನರ್ ಆಂಟಿಯೇ ಸಾಕ್ಷಿಯಲ್ಲಿ ಹೇಳಿದರು.

ಶನಿವಾರ ರಾತ್ರಿ ಊರಲ್ಲಿದ್ದ ಅನ್ನುವುದಕ್ಕೆ ಬಸ್ ಟಿಕೆಟ್ ಕೇಳಿದೆ. ಮಲೆನಾಡಿನ ಬಸ್ಸು, ಟಿಕೆಟ್ ಹರಿದುಕೊಟ್ಟರೆ ಅದೇ ದೊಡ್ಡದು! ಇಲ್ಲ ಅಂದರು. ‘ರಾತ್ರಿ ಮನೇಲಿ ಏನು ಮಾಡ್ತಿದ್ದ ಅಕ್ಕ?’ ಅಂದೆ. ‘ಅಡಿಕೆ ಸುಲಿತ ಇತ್ತಲ್ಲ, ಡಬ್ಬ ಲೆಕ್ಕ ಬರೀತಿದ್ದ.’ ಮರುದಿನ ಮಾವ ಆ ನೋಟ್‌ಬುಕ್ ತಂದರು. ಅಡಿಕೆಯ ಚೊಗರು ಅಂಟಿದ ಇನ್ನೂರು ಪುಟದ ಪುಸ್ತಕ. ಶನಿವಾರದ ತಾರೀಖು, ಸುಲಿದ ಒಂಬತ್ತು ಜನರ ಹೆಸರು, ಒಬ್ಬೊಬ್ಬರ ಮುಂದೆ ಎಷ್ಟು ಡಬ್ಬ, ಎಲ್ಲ ಇವನ ಕೈಬರಹದಲ್ಲಿ. ಕೆಳಗೆ ಕೂಲಿ ಕೊಟ್ಟದ್ದಕ್ಕೆ ಸಹಿ, ಹೆಬ್ಬೆಟ್ಟು. ಇಂಥ ಪುಸ್ತಕವನ್ನು ತಿದ್ದಬೇಡಿ, ಬೈಂಡ್ ಹಾಕಬೇಡಿ, ಒಂದು ಹಾಳೆ ಮಾತ್ರ ಹರಿದು ತರಬೇಡಿ. ಹಿಂದಿನ ಮುಂದಿನ ಪುಟ ಇದ್ದರೇ ಅದಕ್ಕೆ ಬೆಲೆ.

ಆದರೆ ಸಾಹೇಬರು ಪುಸ್ತಕ ನೋಡಿ ತಲೆ ಅಲ್ಲಾಡಿಸಿದರು. ಅವತ್ತು ಊರಲ್ಲಿದ್ದ, ಸರಿ. ಗುರುವಾರವೇ ತಂದಿಟ್ಟು ಹೋಗಿದ್ದರೆ? ಬೇರೆ ಕಡೆ ಇದ್ದೆ ಅನ್ನುವುದು ಸ್ವಾಧೀನದ ಕೇಸಿನಲ್ಲಿ ಅರ್ಧ ಉತ್ತರ ಮಾತ್ರ. ಕವರು ಅಟ್ಟಕ್ಕೆ ಯಾವಾಗ ಬಂತು ಅನ್ನುವುದು ಬೇಕಿತ್ತು.

ಅದು ಸಿಕ್ಕಿದ್ದು ಓನರ್ ಆಂಟಿಯ ಫೋನಿನಲ್ಲಿ. ಶನಿವಾರ ಬೆಳಿಗ್ಗೆ ಪೈಪು ಸೋರುತ್ತಿದೆ ಅಂತ ಪ್ಲಂಬರ್ ಬಂದಿದ್ದ. ಅಟ್ಟಕ್ಕೆ ಹತ್ತಿ, ಒದ್ದೆಯಾದ ಗೋಡೆಯ ಫೋಟೋ ಹೊಡೆದು ಆಂಟಿಗೆ ವಾಟ್ಸಾಪ್ ಮಾಡಿದ್ದ, 11 ಗಂಟೆ 20 ನಿಮಿಷಕ್ಕೆ. ಫೋಟೋದಲ್ಲಿ ಗೋಡೆ ಇದೆ, ಪೈಪಿದೆ, ಹುಡುಗನ ಬ್ಯಾಗಿದೆ, ಹಳೇ ಪೇಪರ್ ಕಟ್ಟಿದೆ. ಕಪ್ಪು ಕವರು ಇಲ್ಲ. ಸಾಹೇಬರು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಆಮೇಲೆ ಟೀ ತರಿಸಿದರು.

ಇಂಥ ಫೋಟೋ, ಸಿಸಿಟಿವಿ ಸುಮ್ನೆ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದರೆ ಆಗುವುದಿಲ್ಲ. ಪ್ರಮಾಣಪತ್ರ ಬೇಕು. ಆಗ ಸಾಕ್ಷ್ಯ ಕಾಯ್ದೆಯ 65ಬಿ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63. ಫೋನು ಯಾರದೋ ಅವರು ಸಹಿ ಮಾಡಬೇಕು, ಈಗಿನ ನಮೂನೆಯಲ್ಲಿ ತಜ್ಞರದ್ದೂ ಬೇಕು. ಮೂಲ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಬೇಕರಿ, ಪೆಟ್ರೋಲ್ ಬಂಕಿನ ಸಿಸಿಟಿವಿ ಕೆಲವೇ ವಾರದಲ್ಲಿ ತಾನೇ ಅಳಿಸಿಹೋಗುತ್ತದೆ. ಅದಕ್ಕೆ ಮೊದಲ ವಾರವೇ ಮಾಲೀಕರಿಗೆ ಬರವಣಿಗೆಯಲ್ಲಿ ಕೇಳಿ, ಕೊಡದಿದ್ದರೆ ಕೋರ್ಟಿಗೆ ಅರ್ಜಿ ಹಾಕಿಸಿ. ಕರೆ ವಿವರಕ್ಕೂ ಹಾಗೇ.

ರಕ್ತ, ಮೂತ್ರ ಪರೀಕ್ಷೆ ವಿಷಯ ಒಂದು ಮಾತು. ಪಾಸಿಟಿವ್ ಬಂದರೆ ಅದು ಸೇವನೆಗೆ ಸಾಕ್ಷ್ಯ, ಅಟ್ಟದ ಕವರಿಗೆ ಅಲ್ಲ. ಸೇವನೆ 27ನೇ ಸೆಕ್ಷನ್, ಗಾಂಜಾಕ್ಕೆ ಹೆಚ್ಚೆಂದರೆ 6 ತಿಂಗಳು ಅಥವಾ 10,000 ದಂಡ, ಇಲ್ಲವೇ ಎರಡೂ. ಹುಡುಗನಿಗೆ ನಿಜವಾಗಿಯೂ ಚಟ ಇದ್ದರೆ ಮುಚ್ಚಿಡಬೇಡಿ. ವ್ಯಸನಿಯೊಬ್ಬ ತಾನಾಗಿ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿದರೆ 64ಎ ಸೆಕ್ಷನ್ ಪ್ರಕಾರ ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನಲ್ಲಿ ರಕ್ಷಣೆ ಇದೆ. ಮಾಲು ಅವನದೇ ಆಗಿದ್ದರೂ ವಕೀಲರಿಗೆ ಹೇಳಿಬಿಡಿ. ಸುಳ್ಳು ನೋಟ್‌ಬುಕ್ ಹುಟ್ಟಿಸಿದರೆ ಇನ್ನೊಂದು ಕೇಸು ಹುಟ್ಟುತ್ತದೆ.

ತೋಟದಲ್ಲಿ ಗಿಡ ಸಿಕ್ಕರೆ

ರೂಮಿನ ಕೇಸಿಗಿಂತ ನಮ್ಮ ಕಡೆಯ ಹಿರಿಯರನ್ನು ಕಂಗಾಲು ಮಾಡುವುದು ಇದು. ಸೊರಬದ ಕಡೆಯ ಒಬ್ಬರು ನಾಲ್ಕು ಎಕರೆಯನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆ ಕೊಟ್ಟಿದ್ದರು. ಬೇಲಿ ಸಾಲಿನಲ್ಲಿ 14 ಗಾಂಜಾ ಗಿಡ ಸಿಕ್ಕವು. ಪಹಣಿ ಯಜಮಾನರ ಹೆಸರಲ್ಲಿ, ದಸ್ತಗಿರಿ ಯಜಮಾನರದು. ವಯಸ್ಸು 68, ಮೊಣಕಾಲು ನೋವು, ಆ ಬೇಲಿ ಕಡೆ ಹೋಗದೆ ವರ್ಷ ಆಗಿತ್ತು.

ಗಿಡ ಬೆಳೆದದ್ದಕ್ಕೆ 10 ವರ್ಷದ ತನಕ ಶಿಕ್ಷೆ, ಗಿಡದ ತೂಕ ಎಷ್ಟೇ ಇರಲಿ. ಹಾಗಾಗಿ ಇಲ್ಲಿ ತೂಕಕ್ಕಿಂತ ‘ಯಾರು ಬೆಳೆದರು’ ಅನ್ನುವುದೇ ಕೇಸು. ಜಮೀನು ನನ್ನದು ಅಂದ ಮಾತ್ರಕ್ಕೆ ಗಿಡ ನಾನು ನೆಟ್ಟೆ ಅಂತಲ್ಲ. ಪಹಣಿಯ 9ನೇ ಕಾಲಂ ಮಾಲೀಕರದು, 12ನೇ ಕಾಲಂ ಸಾಗುವಳಿಯದು, ಎರಡನ್ನೂ ನೋಡಿ. ಜಂಟಿ ಖಾತೆಯಾದರೆ ಯಾರ ಪಾಲು ಎಲ್ಲಿದೆ, ಪಾಲುಪಟ್ಟಿ ಇದೆಯಾ ನೋಡಿ. ದಾಳಿ ಆದ ಸರ್ವೆ ನಂಬರೇ ಇವರದಾ ಅಂತಲೂ ನೋಡಿ. ಬೇಲಿ ಆಚೆ ಗೋಮಾಳವೋ ಅರಣ್ಯವೋ ಆಗಿದ್ದರೆ ಸರ್ವೆ ಮಾಡಿಸಲು ಅರ್ಜಿ ಹಾಕಬೇಕು.

ಇಲ್ಲೊಂದು ತೊಡಕಿದೆ. ಭೂಸುಧಾರಣಾ ಕಾಯ್ದೆ ಪ್ರಕಾರ ಕೃಷಿ ಜಮೀನನ್ನು ಗುತ್ತಿಗೆಗೆ ಕೊಡುವ ಹಾಗಿಲ್ಲ. ಅದಕ್ಕೇ ಶುಂಠಿ ಗುತ್ತಿಗೆಗೆ ಯಾರೂ ಕಾಗದ ಮಾಡುವುದಿಲ್ಲ, ಎಲ್ಲ ಬಾಯಿಮಾತು. ಕೇಸಾದ ಮೇಲೂ ಯಜಮಾನರು ‘ಗುತ್ತಿಗೆ ಕೊಟ್ಟಿದ್ದೆ’ ಅನ್ನಲು ಹೆದರಿದರು. ಹೆದರಿಕೆ ಬಿಟ್ಟು ವಕೀಲರಿಗೆ ಹೇಳಿ, ಯಾವ ಮಾತಿನಲ್ಲಿ ಎಷ್ಟು ಹೇಳಬೇಕು ಅಂತ ಅವರು ನೋಡುತ್ತಾರೆ. ನಾವು ಶುಂಠಿಯವರು ಅಕೌಂಟಿಗೆ ಹಾಕಿದ ಮುಂಗಡ, ಅವರ ಶೆಡ್ಡಿಗೆ ನೀರಿನ ಮೋಟಾರ್ ರಿಪೇರಿ ಮಾಡಿದವನ ಬಿಲ್ಲು, ಗೊಬ್ಬರದ ಅಂಗಡಿಯ ರಸೀದಿ, ಇಷ್ಟು ಸೇರಿಸಿ ಜಾಮೀನು ಅರ್ಜಿ ಹಾಕಿದೆವು. ಜಾಮೀನಾಯಿತು. ಕೇಸು ಇನ್ನೂ ನಡೆಯುತ್ತಿದೆ, ಅದಕ್ಕೆ ಜಾಸ್ತಿ ಹೇಳುವುದಿಲ್ಲ.

ಜಾಮೀನು, ಆಮೇಲಿನ ಓಡಾಟ

ಹುಡುಗನಿಗೆ 23ನೇ ದಿನ ಜಾಮೀನಾಯಿತು. ಅಲ್ಲಿಯವರೆಗೆ ಸೋಗಾನೆಯ ಜೈಲಿನಲ್ಲಿದ್ದ. ಶ್ಯೂರಿಟಿ ಕೊಡುವವರ (ಜಾಮೀನಿಗೆ ಹೊಣೆ ನಿಲ್ಲುವವರ) ಪಹಣಿ, ಆಧಾರ್, ಫೋಟೋ ಮೊದಲೇ ರೆಡಿ ಇಟ್ಟುಕೊಳ್ಳಿ, ಆದೇಶ ಬಂದ ಮೇಲೆ ಪಹಣಿಗೆ ಓಡಿದರೆ ಶನಿವಾರ ಭಾನುವಾರ ಜೈಲಿನಲ್ಲೇ ಕಳೆಯುತ್ತದೆ. ಇಲ್ಲಿ ಆಗದಿದ್ದರೆ ಹೈಕೋರ್ಟು. ಸಾಗರದವರಿಗೆ ಬೆಂಗಳೂರು, ಪಕ್ಕದ ಸಿದ್ದಾಪುರದವರಿಗೆ ಧಾರವಾಡ ಪೀಠ. ಯಾವ ಊರಿನ ಕೇಸು ಅನ್ನುವುದರ ಮೇಲೆ ಅದು. ಚಾರ್ಜ್‌ಶೀಟ್ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಾಣಿಜ್ಯ ಪ್ರಮಾಣಕ್ಕೆ 180 ದಿನ, ಉಳಿದದ್ದಕ್ಕೆ ಅದಕ್ಕಿಂತ ತೀರಾ ಕಡಿಮೆ. ಗಡುವು ದಾಟಿಯೂ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಕೇಳುವುದು ಹಕ್ಕು, ಆ ದಿನವೇ ಅರ್ಜಿ ಹಾಕಬೇಕು. ಚಾರ್ಜ್‌ಶೀಟ್ ಬಂದ ಮೇಲೆ ಎಚ್ಚರಾದರೆ ಆ ಹಕ್ಕು ಹೋಯಿತು.

ವಿಚಾರಣೆ ಎರಡೂವರೆ ವರ್ಷ ನಡೆಯಿತು. ಒಬ್ಬ ಪಂಚ, ಅಂದರೆ ಮಹಜರಿಗೆ ಸಹಿ ಹಾಕಿದ ಸಾಕ್ಷಿ, ತಾನು ರೂಮಿಗೇ ಹೋಗಿಲ್ಲ, ಬೇರೆ ಕಡೆ ಸಹಿ ಹಾಕಿದೆ ಅಂದ. ಪ್ಲಂಬರ್ ಕೆಲಸದ ಬಟ್ಟೆಯಲ್ಲೇ ಬಂದು ಐದು ನಿಮಿಷದಲ್ಲಿ ಸಾಕ್ಷಿ ಹೇಳಿ ಹೋದ. ರೂಮಿನಲ್ಲಿದ್ದ ಇಬ್ಬರಲ್ಲಿ ಒಬ್ಬನಿಗೆ ಶಿಕ್ಷೆಯಾಯಿತು. ನಮ್ಮ ಹುಡುಗ ಖುಲಾಸೆ.

ತೀರ್ಪಿನ ದೃಢೀಕೃತ ನಕಲು ಮೂರು ತೆಗೆಸಿ ಅಂದೆ. ಒಂದು ಕಾಲೇಜಿಗೆ, ಒಂದು ಮುಂದೆ ಕೆಲಸಕ್ಕೋ ಪಾಸ್‌ಪೋರ್ಟಿಗೋ ಪೊಲೀಸ್ ವೆರಿಫಿಕೇಶನ್ ಬಂದಾಗ ತೋರಿಸಲು, ಒಂದು ಮನೆಯ ಕಬ್ಬಿಣದ ಪೆಟ್ಟಿಗೆಗೆ. ಜಪ್ತಿಯಾದ ಫೋನಿಗೆ ಬೇರೆ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ. ಫೋನು ಬಂದಾಗ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿತ್ತು. ಸುಲಿತದ ನೋಟ್‌ಬುಕ್ ಮಾತ್ರ ಇನ್ನೂ ಕೋರ್ಟಿನ ಫೈಲಿನಲ್ಲೇ ಇದೆ. ಅದರಲ್ಲಿ ಇಬ್ಬರ ಕೂಲಿ ಬಾಕಿ ಲೆಕ್ಕ ಇದೆಯಂತೆ, ಅದಕ್ಕೂ ಒಂದು ಅರ್ಜಿ ಟೈಪ್ ಮಾಡಿ ಇಟ್ಟಿದ್ದೇನೆ.